ಸೇತುವಿನ ತುದಿಯವರೆಗೆ

"ಆಸೇತುಹಿಮಾಚಲ" ಎಂಬ ಮಾತನ್ನು ನಮ್ಮ ಕಾಲೇಜಿನ ಚರ್ಚಾಕೂಟಗಳಲ್ಲಿ ನಾವು ಎಷ್ಟು ಸಲ ಕೇಳಿಲ್ಲ! ದೇಶದ ಏಕತೆಯನ್ನು ಕುರಿತು ಮಾತನಾಡಲು ಎದ್ದುನಿಂತವನು ಮೊದಲ ಎರಡು ನಿಮಿಷಗಳೊಳಗೆ ಈ ಪದವನ್ನು ಉಪಯೋಗಿಸದಿದ್ದರೆ ಸಭಿಕರಿಗೇ ಏನೋ ಕೊರತೆಯಾದಂತೆ ತೋರುವುದು. ಈ ಸಮಾಸದ ಉತ್ತರದ ತುದಿಯ ಚಿತ್ರ ಎಲ್ಲರ ಮನಸ್ಸಿನಲ್ಲಿಯೂ ಇದೆ; ಹಿಮದ ಶಿಖರಗಳನ್ನು ಪಂಚಾಂಗದ ಹಾಳೆಗಳಲ್ಲಿಯಾದರೂ ಕಂಡಿದ್ದೇವೆ. ದಕ್ಷಿಣದ ತುದಿಯಾದ ಸೇತು ಎಂಥದು, ಅದು ಕಲ್ಲೋ ಮಣ್ಣೋ ಮರಳೋ, ಅಲ್ಲಿ ಯಾರು ವಾಸಿಸುತ್ತಾರೆ, ಏನನ್ನು ಕುಡಿಯುತ್ತಾರೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಕಡಮೆ. ಕಳೆದ ಜನವರಿಯಲ್ಲಿ ನಾವು ಆರು ಮಂದಿ ವಿದ್ಯಾರ್ಥಿಗಳು ಭೂಗೋಳದ ಮೇಷ್ಟ್ರೊಡನೆ ಮಧುರೆಯಲ್ಲಿ ಒಂದು ವ್ಯಾನನ್ನು ಗೊತ್ತುಮಾಡಿಕೊಂಡು, ರಾಮೇಶ್ವರ ದ್ವೀಪವನ್ನು ಈ ಕೊನೆಯಿಂದ ಆ ಕೊನೆಯವರೆಗೆ ರಸ್ತೆಯ ಮೂಲಕ ನೋಡಿ ಬಂದೆವು. ಅಲ್ಲಿ ಕಂಡುದನ್ನು, ಅದಕ್ಕಿಂತ ಹೆಚ್ಚಾಗಿ ಕಂಡುದರ ಕಾರಣಗಳನ್ನು, ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತೇನೆ.

ಮೊದಲು ದ್ವೀಪದ ಆಕಾರವನ್ನು ಮನಸ್ಸಿಗೆ ತಂದುಕೊಳ್ಳಬೇಕು. ತಮಿಳುನಾಡಿನ ಕರಾವಳಿಯಿಂದ ಸಿಂಹಳದ ಕಡೆಗೆ ಚಾಚಿದ ಒಂದು ತೋಳನ್ನು ಊಹಿಸಿಕೊಳ್ಳಿ. ಭುಜದ ಕಡೆ ಪಾಂಬನ್ ಊರು. ಮೊಣಕೈಯ ಸಮೀಪ ರಾಮೇಶ್ವರ. ಅಲ್ಲಿಂದ ಮುಂದೆ ತೋಳು ಆಗ್ನೇಯಕ್ಕೆ ತಿರುಗಿ, ಕ್ರಮೇಣ ಸಣ್ಣದಾಗಿ, ಕೊನೆಗೆ ಒಂದೇ ಬೆರಳಾಗಿ ಸಮುದ್ರದೊಳಗೆ ಇಳಿಯುತ್ತದೆ. ಆ ಬೆರಳೇ ಧನುಷ್ಕೋಟಿ. ಉದ್ದ ಎಲ್ಲ ಸೇರಿ ಸುಮಾರು 30 ಕಿಲೋಮೀಟರು. ತೋಳಿನ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಖಾರಿ. ಪಾಕ್ ಎಂಬುದು ದೇಶದ ಹೆಸರಲ್ಲ. ಹದಿನೆಂಟನೆಯ ಶತಮಾನದಲ್ಲಿ ಮದರಾಸಿನ ಗವರ್ನರನಾಗಿದ್ದ ರಾಬರ್ಟ್ ಪಾಕ್ ಎಂಬವನ ಹೆಸರು. ನಮ್ಮ ಗುಂಪಿನಲ್ಲೊಬ್ಬ ಇದನ್ನು ಕೇಳಿ ನಿರಾಶನಾದನು.

ಈ ದ್ವೀಪಕ್ಕೆ ಮೋಟಾರಿನಲ್ಲಿ ಹೋಗುವುದು ಬಹಳ ಹಳೆಯ ಸೌಕರ್ಯವಲ್ಲ. ರೈಲುಸೇತುವೆ ತೆರೆದುದು 1914ರ ಫೆಬ್ರವರಿ 24ರಂದು. ರಸ್ತೆಯ ಸೇತುವೆಯಾದರೋ ಸಂಚಾರಕ್ಕೆ ಬಂದುದು 1988ರ ಅಕ್ಟೋಬರ್ 2ರಂದು. ನಡುವಣ ಎಪ್ಪತ್ತನಾಲ್ಕು ವರ್ಷ ಯಾತ್ರಿಕರು ರೈಲನ್ನಾಗಲಿ ದೋಣಿಯನ್ನಾಗಲಿ ನಂಬಬೇಕಾಗಿತ್ತು. ರಸ್ತೆಯ ಸೇತುವೆ 2 ಕಿಲೋಮೀಟರಿಗಿಂತ ಉದ್ದ, ನಡುವೆ ಬಿಲ್ಲಿನಂತೆ ಎತ್ತರ. ಅದರ ನೆತ್ತಿಯ ಮೇಲೆ ವಾಹನವನ್ನು ನಿಲ್ಲಿಸಬಾರದು, ನಿಲ್ಲಿಸದವರಿಲ್ಲ. ಪೊಲೀಸಿನವರು ಓಡಿಸುವವರೆಗೆ ನಾವೂ ಕೈಕಂಬಿ ಹಿಡಿದು ನಿಂತಿದ್ದೆವು.

ಕೆಳಗೆ ಕಾಣುವುದು ರೈಲಿನ ದಾರಿ. ಹಳೆಯ ಸೇತುವೆಯ ನಡುವಿನ ಭಾಗಕ್ಕೆ ಷೆರ್ಜರ್ ಎಂಬ ಅಮೆರಿಕದ ಇಂಜಿನಿಯರನ ವಿಧಾನವನ್ನು ಅನುಸರಿಸಿದ್ದರು. ಹಡಗು ಬಂದಾಗ ಎರಡು ರೆಕ್ಕೆಗಳು ಎರಡು ಕಡೆಗೆ ಉರುಳಿ ಮೇಲೇಳುತ್ತಿದ್ದವು. ಅದೂ ಆಳುಗಳು ಕೈಯಿಂದ ಸನ್ನೆಗೋಲು ತಿರುಗಿಸಿದಾಗ. ಎಷ್ಟೋ ಟನ್ ಭಾರದ ಕಬ್ಬಿಣವನ್ನು ಬೆರಳೆಣಿಕೆಯ ಮಂದಿ ಹೇಗೆ ಎತ್ತಿದರು ಎಂದರೆ, ರೆಕ್ಕೆಯ ಹಿಂಬದಿಯಲ್ಲಿ ಅದಕ್ಕೆ ಸರಿತೂಗುವ ಭಾರವನ್ನು ಕಟ್ಟಿದ್ದರು. ನಮ್ಮ ಹಳ್ಳಿಯ ಯಾತದ ಹಿಂದಿನ ಕಲ್ಲಿನಂತೆಯೇ. ಉಪ್ಪುಗಾಳಿಯಲ್ಲಿ ನೂರು ವರ್ಷ ದುಡಿದ ಆ ಸೇತುವೆಯ ಮೇಲೆ 2022ರ ಡಿಸೆಂಬರಿನಿಂದ ರೈಲು ಓಡುವುದಿಲ್ಲ. ಅದರ ಪಕ್ಕದಲ್ಲಿ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್ 6ರಂದು ತೆರೆಯಿತು. ಇದರಲ್ಲಿ ರೆಕ್ಕೆಗಳಿಲ್ಲ, 72.5 ಮೀಟರು ಉದ್ದದ ನಡುಭಾಗ ಇಡಿಯಾಗಿ, ಬಾವಿಯಿಂದ ಕೊಡ ಮೇಲಕ್ಕೆ ಬಂದಂತೆ, 17 ಮೀಟರು ನೆಟ್ಟಗೆ ಏಳುತ್ತದೆ. ಕೆಲಸವನ್ನು ವಿದ್ಯುತ್ ಯಂತ್ರ ಮಾಡುತ್ತದೆ.

ಪಾಂಬನ್ನಿನಿಂದ ಬಲಕ್ಕೆ ಒಂದು ಕವಲುದಾರಿ ಕುಂದುಕಾಲ್ ಎಂಬ ಕಡಲತೀರಕ್ಕೆ ಹೋಗುತ್ತದೆ. ಹೆಚ್ಚಿನ ವಾಹನಗಳು ಇದನ್ನು ಬಿಟ್ಟು ನೇರವಾಗಿ ದೇವಾಲಯಕ್ಕೆ ಓಡುತ್ತವೆ. ಹಾಗೆ ಮಾಡಬಾರದೆಂದು ನನ್ನ ಸಲಹೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಕೀರ್ತಿ ಪಡೆದು ಹಿಂದಿರುಗಿದ ಸ್ವಾಮಿ ವಿವೇಕಾನಂದರು ಸಿಂಹಳದಿಂದ ಹೊರಟು 1897ರ ಜನವರಿ 26ರಂದು ಭಾರತದ ನೆಲದ ಮೇಲೆ ಕಾಲಿಟ್ಟುದು ಈ ಪಾಂಬನ್ನಿನಲ್ಲಿ; ಎದುರುಗೊಂಡವರು ರಾಮನಾಡಿನ ರಾಜ ಭಾಸ್ಕರ ಸೇತುಪತಿ. ಅದರ ಸ್ಮಾರಕ ಕುಂದುಕಾಲಿನಲ್ಲಿದೆ. ದಡದುದ್ದಕ್ಕೂ ಅರ್ಧ ಗಂಟೆ ನಡೆದರೆ ಎದುರಿಗೆ ಕುರುಸಡಿ ದ್ವೀಪದ ಹಸುರು ಗೆರೆ ಕಾಣುತ್ತದೆ. ಇಲ್ಲಿಂದ ತೂತ್ತುಕುಡಿಯವರೆಗೆ ಇಂತಹ ಇಪ್ಪತ್ತೊಂದು ಸಣ್ಣ ದ್ವೀಪಗಳ ಸಾಲು ಇದ್ದು, ಅದನ್ನು 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಹವಳದ ದಿಬ್ಬಗಳೂ ಕಡಲಹುಲ್ಲಿನ ಮೈದಾನಗಳೂ ಆ ಹುಲ್ಲನ್ನು ಮೇಯುವ ಕಡಲಹಸುಗಳೂ ನೀರಿನ ಕೆಳಗಿವೆ. ಮೇಲಿನಿಂದ ನೋಡಿದವನಿಗೆ ಬರಿಯ ನೀಲಿ. ತೀರದ ಹಳ್ಳಿಗಳ ಹೆಂಗಸರು ಈ ನೀರಿನಲ್ಲಿ ಮುಳುಗಿ ಕಡಲಪಾಚಿಯನ್ನು ಕಿತ್ತು ಮಾರಿ ಜೀವನ ಮಾಡುತ್ತಾರೆ. ಬೆರಳುಗಳಿಗೆ ಬಟ್ಟೆಯ ಚಿಂದಿ ಸುತ್ತಿಕೊಂಡು, ಹವಳದ ಚೂಪಿನ ನಡುವೆ, ಉಸಿರು ಕಟ್ಟಿ ಮಾಡುವ ಕೆಲಸವಿದು. ನಾವು ತಿನ್ನುವ ಕೆಲವು ಸಿಹಿತಿಂಡಿಗಳನ್ನು ಗಟ್ಟಿಮಾಡುವ ಅಗರ್ ಎಂಬ ಪದಾರ್ಥ ಇಂತಹ ಪಾಚಿಯಿಂದ ಬರುವುದೆಂದು ತಿಳಿದಾಗ ಬೇಕರಿಯ ಗಾಜಿನ ಪೆಟ್ಟಿಗೆ ಬೇರೆಯಾಗಿ ಕಾಣುವುದು.

ಮತ್ತೆ ಹೆದ್ದಾರಿಗೆ ಬಂದು ತಾಳೆಮರಗಳ, ಬಳ್ಳಾರಿಜಾಲಿಯ ನಡುವೆ ಸಾಗಿದರೆ ಪೇಯ್‌ಕರುಂಬು ಎಂಬಲ್ಲಿ ಅಬ್ದುಲ್ ಕಲಾಂ ಅವರ ಸಮಾಧಿ ಮತ್ತು ಸ್ಮಾರಕ. ಅವರು 1931ರಲ್ಲಿ ಹುಟ್ಟಿದುದು ಇದೇ ರಾಮೇಶ್ವರದಲ್ಲಿ. ಸ್ಮಾರಕದ ಕ್ಷಿಪಣಿಯ ಮಾದರಿಗಳಿಗಿಂತ ನನಗೆ ಹೆಚ್ಚು ಹಿಡಿಸಿದುದು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿರುವ ಒಂದು ಸಂಗತಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಮೇಶ್ವರದ ನಿಲ್ದಾಣದಲ್ಲಿ ರೈಲು ನಿಲ್ಲುವುದು ತಪ್ಪಿತು. ಪತ್ರಿಕೆಗಳ ಕಟ್ಟುಗಳನ್ನು ರಾಮೇಶ್ವರಕ್ಕೂ ಧನುಷ್ಕೋಟಿಗೂ ನಡುವೆ ಓಡುವ ಗಾಡಿಯಿಂದಲೇ ಎಸೆಯುತ್ತಿದ್ದರು. ಅವನ್ನು ಹಿಡಿಯುವ ಕೆಲಸ ಬಾಲಕ ಕಲಾಮರಿಗೆ ಸಿಕ್ಕಿತು; ಅದೇ ಅವರ ಮೊದಲ ಸಂಪಾದನೆ. ಆ ರೈಲು ಹೋಗುತ್ತಿದ್ದ ದಾರಿಯೇ ಇಂದು ಇಲ್ಲ. ಅದರ ವಿಚಾರ ಮುಂದೆ ಬರುತ್ತದೆ.

ರಾಮನಾಥಸ್ವಾಮಿಯ ದೇವಾಲಯವನ್ನು ಕುರಿತು ಪುಸ್ತಕಗಳು ಬೇಕಾದಷ್ಟಿವೆ. ನಮ್ಮ ಮನೆಗಳಲ್ಲಿ ಕಾಶಿಗೆ ಹೋದವರು ರಾಮೇಶ್ವರಕ್ಕೂ ಹೋಗಿ, ಸೇತುವಿನ ಮರಳನ್ನು ಗಂಗೆಗೂ ಗಂಗೆಯ ನೀರನ್ನು ರಾಮನಾಥನಿಗೂ ಒಪ್ಪಿಸದಿದ್ದರೆ ಯಾತ್ರೆ ಪೂರ್ತಿಯಾಗಲಿಲ್ಲವೆಂದು ಭಾವಿಸುವುದು ಎಲ್ಲರಿಗೂ ತಿಳಿದದ್ದೇ. ಹೊರಪ್ರಾಕಾರದ 1212 ಕಂಬಗಳ ನಡುವೆ ನಡೆಯುವುದು ಈ ಪ್ರವಾಸದ ಅತ್ಯಂತ ತಂಪಾದ ನಡಿಗೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಆದರೆ ಒಳಗಿನ ಇಪ್ಪತ್ತೆರಡು ತೀರ್ಥಗಳಲ್ಲಿ ಸ್ನಾನಮಾಡುವಾಗ ಒಂದು ಪ್ರಶ್ನೆ ಯಾರಿಗಾದರೂ ಹೊಳೆಯಬೇಕು. ಸಮುದ್ರ ಕೂಗಳತೆಯಲ್ಲಿದೆ, ನೆಲ ಮರಳು. ಆದರೂ ಈ ಬಾವಿಗಳ ನೀರು ಏಕೆ ಉಪ್ಪಾಗಿಲ್ಲ? ಹಿಂದಿನ ದಾರಿಯಲ್ಲಿ ತಂಗಚ್ಚಿಮಠದ ಬಳಿ ವಿಲ್ಲೂಂಡಿ ತೀರ್ಥವೆಂಬ ಬಾವಿ ಇದೆ. ಅದು ಸಮುದ್ರದ ನೀರಿನ ನಡುವೆಯೇ ಇದ್ದು, ಅದರ ನೀರು ಕುಡಿಯುವಂತಿದೆ. ಸೀತೆಯ ಬಾಯಾರಿಕೆಗಾಗಿ ರಾಮನು ಬಿಲ್ಲನ್ನು ಊರಿ ತೆಗೆದ ನೀರೆಂಬುದು ಐತಿಹ್ಯ. ಭೂಗೋಳದ ವಿವರಣೆಯನ್ನು ಧನುಷ್ಕೋಟಿಯ ಮರಳಿನ ಮೇಲೆ ನಿಂತು ಕೇಳುವುದು ಲೇಸು. ಅಲ್ಲಿ ಅದು ಜನರ ಬಾಯಾರಿಕೆಯ ಮಾತು.

ಊರಿನ ಉತ್ತರದ ಗಂಧಮಾದನ ದಿಬ್ಬವನ್ನು ಪರ್ವತವೆಂದು ಕರೆಯುತ್ತಾರೆ. ನಮ್ಮ ಮಲೆನಾಡಿನವರು ನಗಬಹುದು. ಆದರೆ ಇಡೀ ದ್ವೀಪದಲ್ಲಿ ಅದೇ ಎತ್ತರದ ನೆಲ; ಮೇಲಿನ ಮಂಟಪದಿಂದ ನೋಡಿದರೆ ದ್ವೀಪ ಸಮುದ್ರಕ್ಕಿಂತ ಎಷ್ಟು ಅತ್ಯಲ್ಪವಾಗಿ ಮೇಲೆದ್ದಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಈ ನೋಟವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ದಾರಿಯನ್ನು ಹಿಡಿಯಬೇಕು.

ಮುಂದಿನ ದಾರಿಯಲ್ಲಿ ಮೊದಲು ಸರ್ವೆತೋಪುಗಳು, ಆಮೇಲೆ ಎಡಗಡೆ ಒಂದು ಲಗೂನು, ಅದರ ನಡುವೆ ಕೋದಂಡರಾಮನ ಗುಡಿ. ವಿಭೀಷಣನು ರಾಮನಿಗೆ ಶರಣಾದ ಸ್ಥಳವೆಂದು ಪ್ರತೀತಿ. ಛಳಿಗಾಲದಲ್ಲಿ ಇಲ್ಲಿ ರಾಜಹಂಸಗಳು ಬಂದು ಇಳಿಯುತ್ತವೆ. ನಾವು ದೂರದಿಂದ ತಿಳಿಗುಲಾಬಿ ಬಣ್ಣದ ಒಂದು ಗೆರೆಯನ್ನು ನೀರಿನ ಮೇಲೆ ಕಂಡೆವು. ಒಬ್ಬನು ಕೈ ತಟ್ಟಿದ, ಗೆರೆ ಆಕಾಶಕ್ಕೆ ಎದ್ದಿತು. ಮೇಷ್ಟ್ರು ಅವನಿಗೆ ಹೇಳಿದ ಮಾತನ್ನು ಇಲ್ಲಿ ಬರೆಯಲಾರೆ. ಧನುಷ್ಕೋಟಿಯ ಈ ಭಾಗವನ್ನು ತಮಿಳುನಾಡು ಸರ್ಕಾರ 2025ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಘೋಷಿಸಿದೆ.

ಮುಕುಂದರಾಯರ ಛತ್ರವೆಂಬಲ್ಲಿಗೆ ಹಿಂದೆ ರಸ್ತೆ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಜೀಪಿನವರು ಮರಳಿನಲ್ಲಿ, ನೀರಿನಲ್ಲಿ, ಎಗರಿಸುತ್ತ ಕೊಂಡೊಯ್ಯುತ್ತಿದ್ದರಂತೆ. 2017ರಲ್ಲಿ ಒಂಬತ್ತೂವರೆ ಕಿಲೋಮೀಟರಿನ ಹೊಸ ರಸ್ತೆ ತೆರೆಯಿತು: ಐದು ಕಿಲೋಮೀಟರು ಧನುಷ್ಕೋಟಿಗೆ, ನಾಲ್ಕೂವರೆ ಅದರಾಚೆ ಅರಿಚಲ್‌ಮುನೈಗೆ. ಈ ಒಂಬತ್ತೂವರೆ ಕಿಲೋಮೀಟರಿನಂತಹ ದಾರಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ನೇರವಾದ ಕಪ್ಪು ಗೆರೆ. ಎಡಗಡೆ ಒಂದು ಸಮುದ್ರ, ಬಲಗಡೆ ಇನ್ನೊಂದು. ಎರಡು ಬದಿಯಲ್ಲಿಯೂ ಅಲೆಗಳಿಗೆ ತಡೆಯಾಗಿ ಪೇರಿಸಿದ ಕಲ್ಲುಗಳು.

ಎಡಗಡೆಯದು ಹೆಣ್ಣುಕಡಲು, ಬಲಗಡೆಯದು ಗಂಡುಕಡಲು ಎಂದು ಅಲ್ಲಿಯ ಮೀನುಗಾರರು ಕರೆಯುತ್ತಾರೆ. ಪಾಕ್ ಕೊಲ್ಲಿ ಬಹುಪಾಲು ಹತ್ತು-ಹದಿಮೂರು ಮೀಟರಿಗಿಂತ ಆಳವಿಲ್ಲದ, ಸುತ್ತಲೂ ನೆಲದ ಆಸರೆಯಿರುವ ನೀರು. ಮನ್ನಾರ್ ಖಾರಿ ದಕ್ಷಿಣಕ್ಕೆ ತೆರೆದುಕೊಂಡು ಹಿಂದೂ ಮಹಾಸಾಗರದ ಆಳಕ್ಕೆ ಇಳಿಯುವುದು. ಆದ್ದರಿಂದ ಒಂದು ಸೌಮ್ಯ, ಇನ್ನೊಂದು ಒರಟು. ಆದರೆ ನಾವು ಹೋದ ದಿನ ಹೆಣ್ಣುಕಡಲೇ ನೊರೆಯೆಬ್ಬಿಸಿ ದಡಕ್ಕೆ ಬಡಿಯುತ್ತಿತ್ತು, ಗಂಡುಕಡಲು ಕೆರೆಯಂತೆ ಮಲಗಿತ್ತು. ಕಾರಣ ಸರಳವಾದದ್ದು: ನೈಋತ್ಯ ಮಾರುತದ ತಿಂಗಳುಗಳಲ್ಲಿ ಗಾಳಿ ದಕ್ಷಿಣದ ನೀರನ್ನು ಕೆರಳಿಸುತ್ತದೆ, ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಈಶಾನ್ಯದ ಗಾಳಿ ಉತ್ತರದ ನೀರನ್ನು ಕೆರಳಿಸುತ್ತದೆ. ಮೀನುಗಾರರಿಗೆ ಇದು ಗೊತ್ತು. ನಾಡದೋಣಿಯವರು ಋತುವಿಗೆ ತಕ್ಕಂತೆ ದೋಣಿಗಳನ್ನು ಒಂದು ಕಡಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುತ್ತಾರೆ.

ಧನುಷ್ಕೋಟಿಯಲ್ಲಿ ಇಳಿದು ನಡೆಯಬೇಕು. ಇಲ್ಲಿ ರೈಲು ನಿಲ್ದಾಣ, ಅಂಚೆಕಚೇರಿ, ಇಗರ್ಜಿ, ಶಾಲೆ ಇದ್ದವು. 1914ರಿಂದ ಮದರಾಸಿನ ಬೋಟ್ ಮೇಲ್ ಇಲ್ಲಿಗೆ ಬರುತ್ತಿತ್ತು. ಪ್ರಯಾಣಿಕರು ಇಳಿದು ಹಡಗನ್ನೇರಿ ಸುಮಾರು 30 ಕಿಲೋಮೀಟರು ದೂರದ ತಲೈಮನ್ನಾರನ್ನು ಸೇರಿ, ಅಲ್ಲಿಂದ ಕೊಲಂಬೋ ರೈಲನ್ನು ಹಿಡಿಯುತ್ತಿದ್ದರು. ಮದರಾಸಿನಿಂದ ಕೊಲಂಬೋವಿಗೆ ಒಂದೇ ಟಿಕೇಟು! ಈಗ ಇಗರ್ಜಿಯ ಎರಡು ಮೂರು ಗೋಡೆಗಳು ಆಕಾಶಕ್ಕೆ ಬಾಯಿತೆರೆದು ನಿಂತಿವೆ. ಹತ್ತಿರ ಹೋಗಿ ನೋಡಿದರೆ ಕಲ್ಲಿನಲ್ಲಿ ಜೇನುಗೂಡಿನಂತಹ ರಚನೆ ಕಾಣುತ್ತದೆ. ಅದು ಬಂಡೆಯಲ್ಲ, ಹವಳ. ಹವಳದ ಅಸ್ಥಿಯಲ್ಲಿ ಅಸಂಖ್ಯ ರಂಧ್ರಗಳಿದ್ದು ಅವುಗಳಲ್ಲಿ ಗಾಳಿ ಸಿಕ್ಕಿಕೊಂಡಿರುವುದರಿಂದ ಕೆಲವು ತುಂಡುಗಳು ನೀರಿನಲ್ಲಿ ತೇಲುವುದೂ ಉಂಟು.

1964ರ ಡಿಸೆಂಬರ್ 22ರ ರಾತ್ರಿಯ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಅಂಡಮಾನಿನ ದಕ್ಷಿಣದಲ್ಲಿ ಹುಟ್ಟಿದ ಚಂಡಮಾರುತ ಸಿಂಹಳದ ಉತ್ತರಭಾಗವನ್ನು ದಾಟಿ ಬಂದು ಈ ಮರಳ ಬೆರಳಿನ ಮೇಲೆ ಬಿದ್ದಿತು. ಪಾಂಬನ್ನಿನಿಂದ ನಡುರಾತ್ರಿಯ ಹೊತ್ತಿಗೆ ಹೊರಟ ಪ್ಯಾಸೆಂಜರ್ ರೈಲು ಧನುಷ್ಕೋಟಿಯ ಹತ್ತಿರಕ್ಕೆ ಬಂದಿತ್ತು. ಸಿಗ್ನಲು ಕಾಣದೆ ಕತ್ತಲೆಯಲ್ಲಿ ನಿಂತು, ಆಮೇಲೆ ಸಿಳ್ಳು ಹಾಕುತ್ತ ಮೆಲ್ಲನೆ ಮುಂದುವರಿಯಿತೆಂದು ಹೇಳುತ್ತಾರೆ. ನೂರಕ್ಕೂ ಹೆಚ್ಚು ಪ್ರಯಾಣಿಕರಿದ್ದ ಆ ಗಾಡಿಯನ್ನು ನೀರು ಇಡಿಯಾಗಿ ನುಂಗಿತು. ಒಟ್ಟು ಸತ್ತವರು ಸುಮಾರು 1800 ಎಂದು ಅಂದಾಜು. ಊರು ವಾಸಕ್ಕೆ ಯೋಗ್ಯವಲ್ಲವೆಂದು ಮದರಾಸು ಸರ್ಕಾರ ಸಾರಿತು.

ಗಾಳಿ ಮರಗಳನ್ನು ಕೆಡವುವುದು ಎಲ್ಲರಿಗೂ ಅರ್ಥವಾಗುತ್ತದೆ. ಊರನ್ನೇ ಮುಳುಗಿಸುವ ನೀರು ಎಲ್ಲಿಂದ ಬಂದಿತು? ಚಂಡಮಾರುತದ ನಡುವೆ ವಾಯುವಿನ ಒತ್ತಡ ಕಡಮೆಯಾಗಿರುವುದರಿಂದ ಕೆಳಗಿನ ನೀರು ತುಸು ಉಬ್ಬುತ್ತದೆ. ಒಂದು ಮಿಲಿಬಾರು ಇಳಿದರೆ ಸುಮಾರು ಒಂದು ಸೆಂಟಿಮೀಟರು. ಇದು ಅಲ್ಪ. ಮುಖ್ಯವಾದುದು ಗಾಳಿಯ ತಳ್ಳುವಿಕೆ. ಆಳವಾದ ಸಮುದ್ರದಲ್ಲಿ ಗಾಳಿ ಮೇಲಿನ ನೀರನ್ನು ತಳ್ಳಿದರೆ ಕೆಳಗಿನಿಂದ ಅಷ್ಟೇ ನೀರು ಹಿಂದಕ್ಕೆ ಹರಿದು ಸರಿಹೋಗುತ್ತದೆ. ಆಳವಿಲ್ಲದ ಕಡಲಿನಲ್ಲಿ ಹಿಂದಿರುಗಲು ದಾರಿಯೆಲ್ಲಿ? ನೀರು ದಡದ ಮೇಲೆ ರಾಶಿ ಬೀಳುತ್ತದೆ. ರಾಶಿಯ ಮೇಲೆ ಅಲೆಗಳು ಸವಾರಿ ಮಾಡುತ್ತವೆ. ತಟ್ಟೆಯ ನೀರನ್ನೂ ಕೊಡದ ನೀರನ್ನೂ ಊದಿ ನೋಡಿದರೆ ವ್ಯತ್ಯಾಸ ತಿಳಿಯುವುದು. ಹೆಣ್ಣುಕಡಲನ್ನು ಸೌಮ್ಯವಾಗಿ ಮಾಡಿದ ಆ ಕಡಮೆ ಆಳವೇ ಆ ರಾತ್ರಿ ಅದನ್ನು ಭಯಂಕರವಾಗಿ ಮಾಡಿತು. ಗಂಧಮಾದನದ ಮೇಲಿನಿಂದ ಕಂಡ ತಗ್ಗುನೆಲವನ್ನು ನೆನೆದುಕೊಂಡರೆ ಉಳಿದುದು ತಾನೇ ಹೊಳೆಯುತ್ತದೆ.

ಪಾಂಬನ್ ರೈಲುಸೇತುವೆಯ 146 ತೊಲೆಗಳಲ್ಲಿ 126 ಅದೇ ಬಿರುಗಾಳಿಯಲ್ಲಿ ಕೊಚ್ಚಿಹೋದವು. ಎತ್ತುವ ನಡುಭಾಗ ಮಾತ್ರ ಉಳಿಯಿತು. ದುರಸ್ತಿಯ ಹೊಣೆ ಹೊತ್ತವರು ಆಗಿನ್ನೂ ತರುಣರಾಗಿದ್ದ ಇಂಜಿನಿಯರ್ ಇ. ಶ್ರೀಧರನ್, ಮುಂದೆ ಕೊಂಕಣ ರೈಲ್ವೆಯನ್ನು ಕಟ್ಟಿಸಿದವರು ಇವರೇ ಎಂಬುದು ನಮ್ಮ ಕರಾವಳಿಯವರಿಗೆ ಗೊತ್ತು. ತೊಂಬತ್ತು ದಿನಗಳ ಗಡುವಿತ್ತು; ನಲವತ್ತಾರು ದಿನಗಳಲ್ಲಿ ರೈಲು ಓಡಿತು. ಆದರೆ ರಾಮೇಶ್ವರದ ಕಡೆಗೆ ಮಾತ್ರ. ಧನುಷ್ಕೋಟಿಯ ಹಳಿಗಳನ್ನು ಮತ್ತೆ ಹಾಕಲಿಲ್ಲ.

ವಾಸಕ್ಕೆ ಯೋಗ್ಯವಲ್ಲವೆಂದ ಈ ಊರಿನಲ್ಲಿ ಇಂದಿಗೂ ಮೀನುಗಾರರ ಗುಡಿಸಲುಗಳಿವೆ. ತಾಳೆಗರಿಯ ಮಾಡು, ಮರಳಿನ ನೆಲ. ಒಂದು ಗುಡಿಸಲಿನ ಹಿಂದೆ ನಡುವಯಸ್ಸಿನ ಹೆಂಗಸೊಬ್ಬರು ಮರಳಿನಲ್ಲಿ ತೋಡಿದ ಗುಂಡಿಯ ಮುಂದೆ ಕುಳಿತು, ಕರಟದಿಂದ ನೀರನ್ನು ಮೊಗೆದು ಮೊಗೆದು ಕೊಡಕ್ಕೆ ತುಂಬುತ್ತಿದ್ದರು. ಗುಂಡಿ ಮೊಳಕಾಲುದ್ದ, ಸಮುದ್ರ ನೂರು ಹೆಜ್ಜೆ. ನಮ್ಮಲ್ಲಿ ತಮಿಳು ಬಲ್ಲ ಗೆಳತಿ "ಅಕ್ಕಾ, ಸ್ವಲ್ಪ ಕುಡಿಯಬಹುದೇ?" ಎಂದು ಕೇಳಿದಳು. ಅವರು ಕರಟವನ್ನೇ ನೀಡಿದರು. ಸಿಹಿನೀರು! ಕೊಡವನ್ನು ಗುಂಡಿಯಲ್ಲಿ ಅದ್ದಿ ತುಂಬಬಾರದೇ ಎಂದು ಕೇಳಿದ್ದಕ್ಕೆ ಅವರು ನಕ್ಕರು. ಅವಸರಪಟ್ಟರೆ ಉಪ್ಪು ಬರುತ್ತದೆ ಎಂದರು.

ಆ ಒಂದು ವಾಕ್ಯದಲ್ಲಿ ಇಡೀ ಶಾಸ್ತ್ರವಿದೆ. ಮಳೆಯ ನೀರು ಮರಳಿನಲ್ಲಿ ಇಂಗಿ ಕೆಳಗಿಳಿಯುತ್ತದೆ. ಕೆಳಗೆ ಮರಳಿನ ಸಂದುಗಳಲ್ಲಿ ಸಮುದ್ರದ ನೀರಿದೆ. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಹೆಚ್ಚು ತೂಕ. ಮರಳು ಎರಡನ್ನೂ ಬೇಗ ಬೆರೆಯಗೊಡದು. ಆದ್ದರಿಂದ ಸಿಹಿನೀರು ಮೇಲೆ ತೇಲುತ್ತ, ನಡುವೆ ದಪ್ಪವಾಗಿ ಅಂಚಿನಲ್ಲಿ ತೆಳುವಾಗಿ, ಮಸೂರದ ಆಕಾರದಲ್ಲಿ ನಿಲ್ಲುತ್ತದೆ. ಡಚ್ ಅಧಿಕಾರಿ ಘೈಬೆನ್, ಅನಂತರ ಜರ್ಮನಿಯ ಹರ್ಟ್ಸ್‌ಬರ್ಗ್ ಇದರ ಲೆಕ್ಕವನ್ನು ಹಾಕಿದರು: ಸಮುದ್ರಮಟ್ಟದ ಮೇಲೆ ಒಂದು ಅಡಿ ಸಿಹಿನೀರಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಇರುತ್ತದೆ. ಕೇಳಲು ಸಂತೋಷದ ಲೆಕ್ಕ. ಆದರೆ ತಿರುಗಿಸಿ ಓದಿ: ಮೇಲಿನಿಂದ ಒಂದು ಅಡಿ ಎಳೆದುಕೊಂಡರೆ ಉಪ್ಪುನೀರು ಕೆಳಗಿನಿಂದ ನಲವತ್ತು ಅಡಿ ಏರಿಬರುವುದು. ಕರಟದಿಂದ ಮೊಗೆಯುವವರಿಗೆ ಸಿಹಿನೀರು ಸಿಗುತ್ತದೆ; ಪಂಪು ಹಚ್ಚಿದವನಿಗೆ ಸಮುದ್ರವೇ ಸಿಗುತ್ತದೆ. ದೇವಾಲಯದ ತೀರ್ಥಗಳ ಸಿಹಿಗೂ ಇದೇ ಕಾರಣವೆಂದು ಮೇಷ್ಟ್ರು ವಿವರಿಸಿದರು. ಭಕ್ತಿಗೆ ಇದರಿಂದ ಕುಂದು ಬಂದಿತೆಂದು ನನಗೆ ತೋರಲಿಲ್ಲ.

ಇದನ್ನು ಕಂಡಮೇಲೆ ಹೊಸ ರಸ್ತೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಎರಡಾಗಿದೆ. ರಸ್ತೆಯಿಂದ ಈ ಜನರಿಗೆ ಲಾಭವಿಲ್ಲವೆನ್ನಲಾಗದು. ಮೀನು ಬೇಗ ಪೇಟೆ ಮುಟ್ಟುತ್ತದೆ, ಕಾಯಿಲೆಯವರನ್ನು ಸಾಗಿಸಬಹುದು, ಶಂಖದ ಸರ, ಹುರಿದ ಮೀನು ಮಾರಿ ನಾಲ್ಕು ಕಾಸು ಬರುತ್ತದೆ. ಆದರೆ ರಸ್ತೆ ತರುವವರು ನಮ್ಮಂತಹವರು. ಸಾವಿರಾರು ಜನ ಬಂದರೆ ಹೋಟೆಲು, ಹೋಟೆಲಿಗೆ ಕೊಳವೆಬಾವಿ, ಕೊಳವೆಬಾವಿಗೆ ಪಂಪು. ರಾಮೇಶ್ವರದಿಂದ ಧನುಷ್ಕೋಟಿಗೆ ಮತ್ತೆ ರೈಲುದಾರಿ ಹಾಕುವುದಕ್ಕೂ 2019ರಲ್ಲಿ ಶಂಕುಸ್ಥಾಪನೆಯಾಯಿತು. ಪರಿಸರದ ಕಾರಣ ಹೇಳಿ ರಾಜ್ಯದ ಕಡೆಯಿಂದ ಆಕ್ಷೇಪವೂ ಬಂದಿದೆ. ನನ್ನನ್ನು ಕೇಳಿದರೆ, ಹೋಗುವವರು ಬಸ್ಸಿನಲ್ಲಿ ಹೋಗಲಿ, ನಡೆಯಲಿ, ಸಂಜೆಗೆ ಹಿಂದಿರುಗಲಿ. ಆ ಮರಳಿನ ಕೆಳಗಿನ ನೀರು ಅಲ್ಲಿಯವರಿಗೇ ಇರಲಿ.

ಅರಿಚಲ್‌ಮುನೈಯಲ್ಲಿ ರಸ್ತೆ ಒಂದು ಸ್ತಂಭವನ್ನು ಸುತ್ತಿ ಹಿಂದಿರುಗುತ್ತದೆ. ತಮಿಳಿನಲ್ಲಿ ಅರಿಚಲ್ ಎಂದರೆ ಕೊರೆತ, ಮುನೈ ಎಂದರೆ ತುದಿ. ಹೆಸರಿಟ್ಟವರು ಸತ್ಯವಂತರು: ಈ ತುದಿಯನ್ನು ಎರಡು ಕಡಲುಗಳು ಋತುವಿಗೊಮ್ಮೆ ಕೊರೆದು, ಮತ್ತೊಂದು ಋತುವಿನಲ್ಲಿ ಮರಳನ್ನು ತಂದು ಕಟ್ಟುತ್ತವೆ. ಮೆಟ್ಟಲಿಳಿದು ತೀರದಲ್ಲಿ ನಿಂತರೆ ಮುಂದೆ ಸಿಂಹಳದವರೆಗೆ ಚದುರಿದ ಮರಳದಿಬ್ಬಗಳ ಸಾಲು. ಇದೇ ಸೇತು. ಈ ದಿಬ್ಬಗಳನ್ನು ಕೊರೆದು ಹಡಗಿನ ಕಾಲುವೆ ಮಾಡುವ ಯೋಜನೆ 2005ರಲ್ಲಿ ಆರಂಭವಾಗಿ, 2007ರಲ್ಲಿ ಸುಪ್ರೀಂ ಕೋರ್ಟಿನ ತಡೆಯಿಂದ ಇಲ್ಲಿ ನಿಂತಿತು. ನೀರಿನಲ್ಲಿ ಇಳಿಯುವ ಸಾಹಸ ಬೇಡ. ಎರಡು ಪ್ರವಾಹಗಳು ಸೇರುವ ಜಾಗವಾದ್ದರಿಂದ ಸೆಳೆತ ಬಲವಾಗಿದೆ.

ಹೋಗಬೇಕೆನ್ನುವವರಿಗೆ ಒಂದೆರಡು ಸೂಚನೆಗಳು. ಡಿಸೆಂಬರಿನ ಮಳೆ ನಿಂತಮೇಲೆ ಜನವರಿ, ಫೆಬ್ರವರಿ ಒಳ್ಳೆಯ ಕಾಲ. ಬೆಳಗ್ಗೆ ಬೇಗನೆ ಹೊರಟು ಮೊದಲು ಧನುಷ್ಕೋಟಿಯನ್ನು ನೋಡಿ, ಬಿಸಿಲೇರಿದಮೇಲೆ ದೇವಾಲಯದ ಪ್ರಾಕಾರಕ್ಕೆ ಬರುವುದು ಅನುಕೂಲ; ಕುಂದುಕಾಲನ್ನು ಸಂಜೆಗೆ ಇಟ್ಟುಕೊಳ್ಳಬಹುದು. ದಾರಿಯಲ್ಲಿ ನೆರಳಿಲ್ಲ, ಟೋಪಿ ಬೇಕು. ಹವಳದ ತುಂಡನ್ನು ಚೀಲಕ್ಕೆ ಹಾಕಿಕೊಳ್ಳುವುದು ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಕತ್ತಲಾಗುವುದಕ್ಕೆ ಮುಂಚೆ ಪೊಲೀಸಿನವರು ಎಲ್ಲರನ್ನೂ ಅರಿಚಲ್‌ಮುನೈಯಿಂದ ಹಿಂದಕ್ಕೆ ಕಳುಹಿಸುತ್ತಾರೆ. ಕುಡಿಯುವ ನೀರನ್ನು ರಾಮೇಶ್ವರದಿಂದಲೇ ತುಂಬಿಸಿಕೊಂಡು ಹೋಗತಕ್ಕದ್ದು.